‘ನಾರ್ಮಲ್ ಐತಿ’ ಅನ್ನುವ ಸುಳ್ಳು

ಚಿಕ್ಕೋಡಿ ಭಾಗದ ಒಂದು ಲ್ಯಾಬಿನ ಮುಂದೆ, ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕಬ್ಬಿಗೆ ನೀರು ಬಿಡುವುದನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ ಒಬ್ಬ ಅಪ್ಪ, ಅವನ ಹತ್ತೊಂಬತ್ತರ ಮಗಳು. ಮಗಳಿಗೆ ಒಂಬತ್ತನೇ ವಯಸ್ಸಿನಿಂದ ಇನ್ಸುಲಿನ್. ಕಿಟಕಿಯಿಂದ ಕಾಗದ ಹೊರಗೆ ಬಂತು. ಖಾಲಿ ಹೊಟ್ಟೆಯ ಸಕ್ಕರೆ 118, ಒಟ್ಟು ಕೊಲೆಸ್ಟೆರಾಲ್ 190. ಒಳಗಿನ ಹುಡುಗ ಕಣ್ಣಾಡಿಸಿ ಹೇಳಿದ: “ಎಲ್ಲಾ ನಾರ್ಮಲ್ ಐತ್ರಿ ಕಾಕಾ.” ಅಪ್ಪನ ಮುಖ ಅರಳಿತು. “ಕೇಳಿದ್ಯೇನ್ ತಂಗಿ, ನಾರ್ಮಲ್ ಐತಂತ. ಇನ್ನ ಆರ್ ತಿಂಗ್ಳ ಚಿಂತಿ ಇಲ್ಲ.” ಮಗಳು ಚಪ್ಪಲಿ ಹಾಕಿಕೊಳ್ಳುತ್ತ ಸಣ್ಣ ದನಿಯಲ್ಲಿ ಅಂದಳು: “ಎಲ್ಲಿ ನಾರ್ಮಲ್ ಅಪ್ಪಾ. ಮೂರ್ ದಿನದಿಂದ ರಾತ್ರಿ ಅರ್ಧಾ ರೊಟ್ಟಿ ತಿಂದ್ ಮಲಗೀನಿ, ಅದಕ್ಕ ಹಂಗ್ ಬಂದೈತಿ.”

ಅಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನಿಗೆ ಬೇಕಿದ್ದ ಮಾತು ಅಷ್ಟೊತ್ತಿಗೆ ಸಿಕ್ಕಿಬಿಟ್ಟಿತ್ತು.

ನನ್ನ ಜಗಳ ಆ ಅಪ್ಪನ ಜೊತೆಗಿಲ್ಲ, ಕಿಟಕಿಯೊಳಗಿನ ಹುಡುಗನ ಜೊತೆಗೂ ಇಲ್ಲ. ‘ನಾರ್ಮಲ್’ ಎಂಬ ಆ ಒಂದು ಶಬ್ದದ ಜೊತೆಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿ ಔಷಧ ಅಂಗಡಿಯಿಂದ ಹಿಡಿದು ಬೀಗರ ಪಡಸಾಲೆಯವರೆಗೆ ಒಂದು ನಂಬಿಕೆ ಬೇರು ಬಿಟ್ಟಿದೆ. ಸಕ್ರಿ ಬ್ಯಾನಿ ಅಂದರೆ ಸಕ್ಕರೆಯ ಅಂಕಿ; ಅಂಕಿ ಇಳಿದರೆ ಬ್ಯಾನಿ ಹತೋಟಿಗೆ ಬಂತು. ಕೊಲೆಸ್ಟೆರಾಲ್ ಮೈತುಂಬಿದವರ ಬಾಬತ್ತು. ಹಾರ್ಟಿನ ಚಿಂತೆ ಐವತ್ತು ದಾಟಿದ ಮೇಲೆ. ಇನ್ಸುಲಿನ್ ಮೇಲೆ ಬದುಕುವ ಮಕ್ಕಳ, ತರುಣರ ಮಟ್ಟಿಗೆ ಈ ನಂಬಿಕೆಯ ಪ್ರತಿಯೊಂದು ತುಂಡೂ ತಪ್ಪು. ಬರೀ ತಪ್ಪಾಗಿದ್ದರೆ ಬಿಡಬಹುದಿತ್ತು. ಇದು ಆಯುಷ್ಯ ತಿನ್ನುವ ತಪ್ಪು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ‘ಸಕ್ರಿ ಬ್ಯಾನಿ’ ಎಂಬ ಒಂದೇ ಸೂರಿನಡಿ ಎರಡು ಬೇರೆ ರೋಗಗಳು ಸಂಸಾರ ಮಾಡುತ್ತವೆ. ನಡುವಯಸ್ಸಿನವರಲ್ಲಿ ಹೆಚ್ಚು ಕಾಣುವುದು ಟೈಪ್ 2. ಅಲ್ಲಿ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಅದರ ಮಾತು ನಡೆಯುವುದಿಲ್ಲ. ಗುಳಿಗೆ, ನಡಿಗೆ, ಪಥ್ಯದಿಂದ ಎಷ್ಟೋ ವರ್ಷ ತಳ್ಳಬಹುದು. ಟೈಪ್ 1 ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿ ಬರುತ್ತದೆ. ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ದೇಹದ ಕಾವಲುಪಡೆಯೇ ಹಗೆಯೆಂದು ತಿಳಿದು ಕೊಂದುಹಾಕುತ್ತದೆ. ಇದು ಮಗು ಸಿಹಿ ತಿಂದಿದ್ದಕ್ಕೆ ಬಂದಿದ್ದಲ್ಲ, ತಾಯಿ ತಂದೆಯ ಪಾಪಕ್ಕೂ ಬಂದಿದ್ದಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ದೇಹ ಕೊಬ್ಬನ್ನು ಸುಟ್ಟುಕೊಳ್ಳುತ್ತ, ರಕ್ತ ಹುಳಿಯೇರಿ, ದಿನಗಳಲ್ಲೇ ಪ್ರಾಣಕ್ಕೆ ಬರುತ್ತದೆ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುವ ತನಕ ಈ ರೋಗಕ್ಕೆ ಒಂದೇ ಕೊನೆ ಇತ್ತು. ಹೀಗಿದ್ದೂ ನಮ್ಮಲ್ಲಿ ಇಂದಿಗೂ “ಸೂಜಿ ಚಟಾ ಬೀಳತೈತಿ, ಕಾಡೆ ಕುಡಿಸ್ರಿ” ಎನ್ನುವವರಿದ್ದಾರೆ. ಉಸಿರಾಟ ಚಟವಾದರೆ ಇದೂ ಚಟ. ಈ ಮಾತಿಗೆ ಇಷ್ಟು ಉತ್ತರ ಸಾಕು.

ಹೆಚ್ಚು ಅಪಾಯಕಾರಿ ಎದುರಾಳಿ ಕಾಡೆಯವನಲ್ಲ. ಸೂಜಿ ಒಪ್ಪಿಕೊಂಡು, ತಿಂಗಳಿಗೊಮ್ಮೆ ಬೆರಳು ಚುಚ್ಚಿ, ಬಂದ ಅಂಕಿ ನೋಡಿ ನಿದ್ದೆಗೆ ಹೋಗುವ ಸಮಾಧಾನದ ಮನುಷ್ಯ.

ಒಂದು ಅಂಕಿ ಇಡೀ ಲೆಕ್ಕವಲ್ಲ ಎಂಬುದನ್ನು ಈ ಸೀಮೆಯ ಕಬ್ಬಿನ ರೈತನಿಗೆ ತಿಳಿಸುವುದು ಕಷ್ಟವಾಗಬಾರದು. 1939ರಷ್ಟು ಹಿಂದೆಯೇ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಕಂಡ ನೆಲ ಇದು. ಇಲ್ಲಿ ಯಾವ ರೈತನೂ ಕಾರ್ಖಾನೆಯ ಕಾಟಾವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಒಂದು ಟ್ರ್ಯಾಕ್ಟರಿನ ತೂಕ ನೋಡಿ ಇಡೀ ಹಂಗಾಮಿನ ಲೆಕ್ಕ ಒಪ್ಪುವುದಿಲ್ಲ. ದರ ನಿಂತಿರುವುದು ಕಬ್ಬಿನಿಂದ ಎಷ್ಟು ಸಕ್ಕರೆ ಇಳಿಯಿತು ಎಂಬ ರಿಕವರಿಯ ಮೇಲೆ, ಶೇಕಡಾ 10.25ರ ಮೂಲ ಇಳುವರಿಯ ಮೇಲೆ, ಅದೂ ಒಂದು ದಿನದ್ದಲ್ಲ, ಇಡೀ ಹಂಗಾಮಿನ ಸರಾಸರಿ ಎಂಬುದು ಅವನಿಗೆ ಗೊತ್ತು. ಅದಕ್ಕಾಗಿ ರಸ್ತೆ ತಡೆಯುತ್ತಾನೆ, ರಾತ್ರಿಯಿಡೀ ಕೂರುತ್ತಾನೆ. ಅದೇ ರೈತ ಮಗಳ ರಕ್ತದ ವಿಷಯಕ್ಕೆ ಬಂದರೆ ಒಂದು ಬೆಳಗಿನ ಒಂದು ಹನಿಯ ಕಾಟಾವನ್ನು ಆರು ತಿಂಗಳ ಲೆಕ್ಕವೆಂದು ಒಪ್ಪಿ ಊರಿಗೆ ಹೋಗುತ್ತಾನೆ.

ರಕ್ತಕ್ಕೂ ಒಂದು ರಿಕವರಿ ಇದೆ. ಅದರ ಹೆಸರು ಎಚ್‌ಬಿಎ1ಸಿ. ಕೆಂಪು ರಕ್ತಕಣ ಸುಮಾರು ಮೂರು ನಾಲ್ಕು ತಿಂಗಳು ಬದುಕುತ್ತದೆ. ಆ ಅವಧಿಯಲ್ಲಿ ರಕ್ತದಲ್ಲಿ ಎಷ್ಟು ಸಕ್ಕರೆ ತೇಲಿತೋ ಅದಕ್ಕೆ ತಕ್ಕಂತೆ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿಕೊಳ್ಳುತ್ತದೆ. ಆ ಅಂಟನ್ನು ಅಳೆದರೆ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. 7 ಬಂದರೆ ಸರಾಸರಿ ಸಕ್ಕರೆ ಸುಮಾರು 154, 9 ಬಂದರೆ 212, 10 ಬಂದರೆ 240. ಮೂರು ರಾತ್ರಿ ಅರ್ಧ ರೊಟ್ಟಿ ತಿಂದು ಈ ಅಂಕಿಯನ್ನು ಮೋಸಗೊಳಿಸಲು ಬರುವುದಿಲ್ಲ. ಇದಕ್ಕೂ ಮಿತಿ ಉಂಟು: ರಕ್ತಹೀನತೆ ಇದ್ದರೆ ಅಂಕಿ ತಪ್ಪು ದಾರಿ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಮಾಮೂಲಿಯಾದ್ದರಿಂದ ಅದನ್ನೂ ಜೊತೆಗೇ ನೋಡಬೇಕು. ಹಂಗಾಮಿನ ಲೆಕ್ಕ ಹೇಳುವ ಕಾಟಾ ಈ ಎಚ್‌ಬಿಎ1ಸಿ. ಆ ಹುಡುಗಿಯ ಕಾಗದದಲ್ಲಿ ಅದು ಇರಲೇ ಇಲ್ಲ.

“ಸರಾಸರಿ ಒಂದು ಹೆಚ್ಚು ಕಡಿಮೆ ಆದರೆ ಏನಾತು?” ಎಂಬ ಪ್ರಶ್ನೆಗೆ ಉತ್ತರ 1993ರಲ್ಲೇ ಬಂದಿದೆ. ಅಮೆರಿಕ ಮತ್ತು ಕೆನಡಾದಲ್ಲಿ 13ರಿಂದ 39 ವಯಸ್ಸಿನ 1,441 ಟೈಪ್ 1 ರೋಗಿಗಳನ್ನು ಎರಡು ಗುಂಪು ಮಾಡಿ ಡಿಸಿಸಿಟಿ ಎಂಬ ಅಧ್ಯಯನ ನಡೆಯಿತು. ಒಂದು ಗುಂಪು ದಿನಕ್ಕೆ ಒಂದೆರಡು ಸೂಜಿಯ ಹಳೆಯ ಪದ್ಧತಿಯಲ್ಲಿ ಸುಮಾರು 9ರ ಸರಾಸರಿಯಲ್ಲಿ ಉಳಿಯಿತು. ಇನ್ನೊಂದು ದಿನಕ್ಕೆ ಮೂರು ನಾಲ್ಕು ಸೂಜಿ ಅಥವಾ ಪಂಪು, ಪದೇ ಪದೇ ಬೆರಳು ಚುಚ್ಚಿ ನೋಡುವುದು, ಹೀಗೆ 7ರ ಹತ್ತಿರ ಬಂತು. ಕಣ್ಣಿನ ಪರದೆಯ ಹಾನಿ ಮೊದಲ ಸಲ ತಲೆದೋರುವ ಅಪಾಯ ಈ ಗುಂಪಿನಲ್ಲಿ 76 ಶೇಕಡಾ ಕಡಿಮೆಯಾಯಿತು. ಮೂತ್ರಪಿಂಡ, ನರಗಳ ಹಾನಿಯೂ ದೊಡ್ಡ ಪ್ರಮಾಣದಲ್ಲಿ ಇಳಿಯಿತು.

ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನ ಸರಾಸರಿ 8ರ ಆಸುಪಾಸಿಗೆ ಬಂದು ಒಂದಾಯಿತು. ಆದರೆ ದೇಹ ಹಳೆಯ ಲೆಕ್ಕ ಮರೆಯಲಿಲ್ಲ. 2005ರಲ್ಲಿ, ಆರಂಭದಿಂದ ಸುಮಾರು 17 ವರ್ಷದ ನಂತರ ನೋಡಿದಾಗ, ಮೊದಲು ಬಿಗಿಯಾಗಿ ನಡೆದುಕೊಂಡ ಗುಂಪಿನಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು 42 ಶೇಕಡಾ ಕಡಿಮೆ. ಹೃದಯಾಘಾತ, ಲಕ್ವಾ, ಹೃದಯದಿಂದ ಸಾವು ಇವಿಷ್ಟನ್ನೇ ಲೆಕ್ಕ ಹಾಕಿದರೆ 57 ಶೇಕಡಾ ಕಡಿಮೆ. ಹದಿಹರೆಯದಲ್ಲಿ ಸಕ್ಕರೆಯನ್ನು ಹೇಗೆ ನೋಡಿಕೊಂಡೆವು ಎಂಬುದಕ್ಕೆ ಹೃದಯ ನಲವತ್ತರಲ್ಲಿ ಉತ್ತರ ಕೊಡುತ್ತದೆ. “ಈಗ ಶಾಳೆ ಕಲೀಲಿ, ಲಗ್ನ ಆದ ಮ್ಯಾಲೆ ನೋಡೂಣು” ಎನ್ನುವ ಮಾತು ಎಷ್ಟು ತುಟ್ಟಿ ಎಂಬುದು ಇದರಿಂದ ತಿಳಿಯಬೇಕು.

ಇಲ್ಲಿ ಓದಿಕೊಂಡ ಎದುರಾಳಿ ಒಂದು ಆಕ್ಷೇಪ ಎತ್ತುತ್ತಾನೆ. ಸಕ್ಕರೆಯನ್ನು ಅತಿ ಬಿಗಿ ಮಾಡಿದರೆ ಸಾವು ಹೆಚ್ಚುತ್ತದೆ ಎಂದು 2008ರಲ್ಲಿ ಅಕಾರ್ಡ್ ಅಧ್ಯಯನ ತೋರಿಸಲಿಲ್ಲವೇ? ತೋರಿಸಿತು. ಆದರೆ ಆ 10,251 ಮಂದಿ ಟೈಪ್ 2ರವರು, ಸರಾಸರಿ ವಯಸ್ಸು 62, ಆಗಲೇ ಹೃದ್ರೋಗ ಇದ್ದವರು ಅಥವಾ ಅದರ ಅಂಚಿನಲ್ಲಿದ್ದವರು, ಅವರ ಗುರಿ 6ಕ್ಕಿಂತ ಕೆಳಗೆ. ಅಜ್ಜನ ಲೆಕ್ಕವನ್ನು ಮೊಮ್ಮಗಳ ಮೇಲೆ ಹೇರುವುದು ಯಾವ ನ್ಯಾಯ? ಎರಡು ರೋಗಕ್ಕೆ ಒಂದೇ ಹೆಸರಿಟ್ಟಿದ್ದರ ದಂಡವನ್ನು ಮಕ್ಕಳು ಇಲ್ಲೂ ತೆರುತ್ತಾರೆ.

ಆದರೂ ಆಕ್ಷೇಪದೊಳಗೆ ಒಂದು ನಿಜ ಇದೆ, ಅದನ್ನು ಒಪ್ಪದಿದ್ದರೆ ನಾನೂ ಸುಳ್ಳುಗಾರನಾಗುತ್ತೇನೆ. ಡಿಸಿಸಿಟಿಯ ಬಿಗಿ ಗುಂಪಿನಲ್ಲಿ ಸಕ್ಕರೆ ಅಪಾಯಮಟ್ಟಕ್ಕೆ ಕುಸಿದು ಇನ್ನೊಬ್ಬರ ನೆರವು ಬೇಕಾದ ಪ್ರಸಂಗಗಳು ಸುಮಾರು ಮೂರು ಪಟ್ಟಾದವು. ಕಬ್ಬಿನ ಗದ್ದೆಯ ನಡುವೆ, ಆಳೆತ್ತರದ ಸಾಲಿನೊಳಗೆ, ಒಬ್ಬನೇ ಇರುವ ಹುಡುಗನಿಗೆ ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಯಾರಿಗೂ ಕಾಣುವುದಿಲ್ಲ. ಈ ಭಯ ನಿಜ. ಇದಕ್ಕೆ ಮದ್ದು ಜೇಬಿನಲ್ಲಿ ಮೂರು ಚಮಚೆ ಸಕ್ಕರೆಯ ಪೊಟ್ಟಣ, ಜೊತೆಗಿರುವವರಿಗೆ ತಿಳಿವಳಿಕೆ, ಮತ್ತು ಪದೇ ಪದೇ ಅಳೆಯುವ ರೂಢಿ. ಕುಸಿತಕ್ಕೆ ಹೆದರಿ ಸಕ್ಕರೆಯನ್ನು ವರ್ಷಗಟ್ಟಲೆ 250ರಲ್ಲಿ ತೇಲಿಬಿಡುವುದು ಮದ್ದಲ್ಲ. ನಾಳೆಯ ಸಾವನ್ನು ತಪ್ಪಿಸಲು ನಾಡಿದ್ದಿನ ಸಾವನ್ನು ಒಪ್ಪಿಕೊಂಡಂತೆ.

ಈಗ ಕೊಲೆಸ್ಟೆರಾಲಿಗೆ ಬರೋಣ. ಸಮಾಧಾನದ ಮನುಷ್ಯ ಅತಿ ಹೆಚ್ಚು ಮೋಸಹೋಗುವುದು ಇಲ್ಲೇ.

ಸರಿಯಾಗಿ ಇನ್ಸುಲಿನ್ ತಗೊಳ್ಳುವ ಟೈಪ್ 1 ರೋಗಿಯ ಕೊಬ್ಬಿನ ವರದಿ ನೋಡಲು ಬಹಳ ಚೆಂದ ಇರುತ್ತದೆ. ಚರ್ಮದಡಿ ಚುಚ್ಚಿದ ಇನ್ಸುಲಿನ್ ರಕ್ತದ ಕೊಬ್ಬನ್ನು ಒಡೆಯುವ ಕಿಣ್ವವನ್ನು ಚುರುಕಾಗಿಡುತ್ತದೆ. ಹಾಗಾಗಿ ಟ್ರೈಗ್ಲಿಸರೈಡ್ ಕಡಿಮೆ, ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್ ಮಾಮೂಲಿಗಿಂತ ತುಸು ಹೆಚ್ಚೇ. ಟೈಪ್ 2ರವರ ವರದಿ ನೋಡಿ ರೂಢಿಯಾದ ಕಣ್ಣಿಗೆ ಇದು ಪಾಸಾದ ಮಾರ್ಕ್ಸ್‌ಕಾರ್ಡ್. ಆದರೆ ಈ ರೋಗಿಗಳಲ್ಲಿ ಹೆಚ್ಚಿನ ಎಚ್‌ಡಿಎಲ್ ಬೇರೆಯವರಲ್ಲಿ ಕೊಡುವಷ್ಟು ರಕ್ಷಣೆ ಕೊಡುವುದಿಲ್ಲ. ‘ಕೆಟ್ಟದು’ ಎನ್ನುವ ಎಲ್‌ಡಿಎಲ್ ಪ್ರಮಾಣ ಎಲ್ಲರಷ್ಟೇ ಇದ್ದರೂ, ಸಕ್ಕರೆ ಅಂಟಿದ ಆ ಕಣಗಳು ರಕ್ತನಾಳದ ಗೋಡೆಗೆ ಹೆಚ್ಚು ಕೇಡು ಮಾಡುತ್ತವೆ. ಸಕ್ಕರೆ ಕೆರೆದು ಒರಟಾಗಿಸಿದ ಗೋಡೆಯ ಮೇಲೆ ‘ನಾರ್ಮಲ್’ ಕೊಬ್ಬು ಕೂಡ ಚೆನ್ನಾಗಿ ಕೂರುತ್ತದೆ.

ಲ್ಯಾಬಿನ ಕಾಗದದ ಬಲಬದಿಯಲ್ಲಿ ಅಚ್ಚಾಗಿರುವ ‘ಇಷ್ಟರಿಂದ ಇಷ್ಟು’ ಎಂಬ ಸಾಲು ಇಡೀ ಊರಿಗೆ ಹೊಲಿದ ಒಂದೇ ಅಳತೆಯ ಅಂಗಿ. ಹತ್ತು ವರ್ಷದಿಂದ ಇನ್ಸುಲಿನ್ ಮೇಲಿರುವವಳ ಅಳತೆ ಬೇರೆ. ಎಲ್‌ಡಿಎಲ್ 125 ಬಂದರೆ ಪಕ್ಕದ ಮನೆಯ ಆರೋಗ್ಯವಂತ ಹುಡುಗನಿಗೆ ಯಾರೂ ಏನೂ ಅನ್ನುವುದಿಲ್ಲ. ಅದೇ 125 ಇವಳಿಗೆ ಬಂದರೆ ಎಚ್ಚರದ ಗಂಟೆ. ಟೈಪ್ 1 ಮಕ್ಕಳಿಗೆ ಅಂತರರಾಷ್ಟ್ರೀಯ ತಜ್ಞರು ಇಟ್ಟಿರುವ ಗುರಿ 100ಕ್ಕಿಂತ ಕೆಳಗೆ. ಹನ್ನೊಂದನೇ ವಯಸ್ಸಿನಿಂದಲೇ ಅಳೆಯಿರಿ ಎನ್ನುತ್ತಾರೆ ಅವರು. ನಾವು ಐವತ್ತರ ತನಕ ಕಾಯುತ್ತೇವೆ.

ಕೊಲೆಸ್ಟೆರಾಲ್ ಇಳಿಸಿದರೆ ಇವರಿಗೆ ಲಾಭ ಉಂಟೇ? 2008ರಲ್ಲಿ ಸ್ಟ್ಯಾಟಿನ್ ಔಷಧದ 14 ಅಧ್ಯಯನಗಳನ್ನು ಒಟ್ಟು ಹಾಕಿ, ಮಧುಮೇಹ ಇರುವ 18,686 ಮಂದಿಯ ಲೆಕ್ಕ ತೆಗೆದರು. ಅವರಲ್ಲಿ 1,466 ಮಂದಿ ಟೈಪ್ 1. ಎಲ್‌ಡಿಎಲ್ ಸುಮಾರು 39 ಅಂಕ ಇಳಿದಾಗಲೆಲ್ಲ ದೊಡ್ಡ ಅವಘಡಗಳು ಐದರಲ್ಲಿ ಒಂದು ಪಾಲು ಕಡಿಮೆಯಾದವು. ಟೈಪ್ 1ರವರಲ್ಲೂ ಫಲ ಅದೇ ದಿಕ್ಕಿನಲ್ಲಿತ್ತು. ನಲವತ್ತು ದಾಟಿದ ಮಧುಮೇಹಿಗಳಿಗೆ ಸ್ಟ್ಯಾಟಿನ್ ಕೊಡಬೇಕು, ಇಪ್ಪತ್ತರಿಂದ ನಲವತ್ತರ ನಡುವಿನವರಲ್ಲಿ ಬೇರೆ ಅಪಾಯಗಳಿದ್ದರೆ ಯೋಚಿಸಬೇಕು ಎಂಬುದು ಇಂದಿನ ವೈದ್ಯಕೀಯದ ನಡೆ. ಗುಳಿಗೆ ಒಂದರ ಬೆಲೆ ಜನೌಷಧಿ ಅಂಗಡಿಯಲ್ಲಿ ಒಂದು ಕಟಿಂಗ್ ಚಹಾಕ್ಕಿಂತ ಕಡಿಮೆ. “ಲಿವರ್ ಸುಡತೈತಿ” ಎಂಬ ವಾಟ್ಸಾಪ್ ವೈದ್ಯಕ್ಕೆ ಹೆದರಿ ಅದನ್ನು ಕಸದ ಬುಟ್ಟಿಗೆ ಹಾಕುವವರನ್ನು ನಾನು ಕಂಡಿದ್ದೇನೆ.

ಹಾಗೆಂದು ಎಲ್ಲ ಮಕ್ಕಳಿಗೂ ಸ್ಟ್ಯಾಟಿನ್ ತಿನ್ನಿಸಿ ಎನ್ನುವುದಿಲ್ಲ. 2017ರಲ್ಲಿ ಹೊರಬಿದ್ದ ಒಂದು ಅಧ್ಯಯನದಲ್ಲಿ 443 ಹದಿಹರೆಯದ ಟೈಪ್ 1 ಮಕ್ಕಳಿಗೆ ಎರಡರಿಂದ ನಾಲ್ಕು ವರ್ಷ ಸ್ಟ್ಯಾಟಿನ್ ಮತ್ತು ರಕ್ತದೊತ್ತಡದ ಒಂದು ಔಷಧ ಕೊಟ್ಟು ನೋಡಿದರು. ಮೂತ್ರದಲ್ಲಿ ಸೋರುವ ಪ್ರೋಟೀನಿನ ಮೇಲೆ ಎರಡೂ ಹೇಳಿಕೊಳ್ಳುವ ಫಲ ತೋರಲಿಲ್ಲ. ಬಸುರಿಯರಿಗೆ, ಬಸುರಾಗಲು ಹೊರಟವರಿಗೆ ಸ್ಟ್ಯಾಟಿನ್ ಸಾಮಾನ್ಯವಾಗಿ ಸಲ್ಲದು. ಕೆಲವರಿಗೆ ಮೈಕೈ ನೋವು ಬರುವುದುಂಟು. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ವೈದ್ಯರೇ ತೂಗಿ ನೋಡಬೇಕು. ನನ್ನ ತಕರಾರು ಇಷ್ಟೇ: ತೂಗಲು ಕಾಟಾದ ಮೇಲೆ ಮಾಲನ್ನೇ ಇಡುತ್ತಿಲ್ಲವಲ್ಲ!

ಬರೀ ಸಕ್ಕರೆ ನೋಡಿದರೆ ಸಾಲದು ಎಂಬುದಕ್ಕೆ ಸ್ವೀಡನ್ ದೇಶದ ದಾಖಲೆಗಿಂತ ಗಟ್ಟಿ ಸಾಕ್ಷಿ ಇಲ್ಲ. ಅಲ್ಲಿ ಮಧುಮೇಹಿಗಳ ರಾಷ್ಟ್ರೀಯ ನೋಂದಣಿ ಇದೆ. 2014ರಲ್ಲಿ ಸುಮಾರು 34,000 ಟೈಪ್ 1 ರೋಗಿಗಳನ್ನು ಅವರದೇ ವಯಸ್ಸಿನ, ಅವರದೇ ಸೀಮೆಯ ಇತರರ ಜೊತೆ ಹೋಲಿಸಿದರು. ಸರಾಸರಿ 9.7 ಮತ್ತು ಅದಕ್ಕಿಂತ ಮೇಲಿದ್ದವರಲ್ಲಿ ಹೃದಯ, ರಕ್ತನಾಳದ ಕಾರಣದಿಂದ ಸಾಯುವ ಅಪಾಯ ಹತ್ತು ಪಟ್ಟು. ಅದು ನಿರೀಕ್ಷಿತವೇ. ಆದರೆ 6.9 ಮತ್ತು ಅದಕ್ಕಿಂತ ಕೆಳಗೆ ಇಟ್ಟುಕೊಂಡ ಶಿಸ್ತಿನವರಲ್ಲೂ ಅಪಾಯ ಸುಮಾರು ಮೂರು ಪಟ್ಟು ಉಳಿದಿತ್ತು. ಉಳಿದ ಅಪಾಯ ಎಲ್ಲಿಂದ? ಅದೇ ದೇಶದವರು 2019ರಲ್ಲಿ ಮುಖ್ಯ ಕಾರಣಗಳನ್ನು ತೂಗಿ ನೋಡಿದಾಗ ಮುಂಚೂಣಿಗೆ ಬಂದವು ಐದು: ಮೂರು ತಿಂಗಳ ಸರಾಸರಿ ಸಕ್ಕರೆ, ಮೂತ್ರದಲ್ಲಿ ಸೋರುವ ಅಲ್ಬುಮಿನ್, ರೋಗದ ವಯಸ್ಸು, ರಕ್ತದೊತ್ತಡ, ಎಲ್‌ಡಿಎಲ್. ರೋಗದ ವಯಸ್ಸು ನಮ್ಮ ಕೈಯಲ್ಲಿಲ್ಲ. ಉಳಿದ ನಾಲ್ಕೂ ಅಳೆಯಬಹುದಾದವು, ಬಹುಪಾಲು ತಿದ್ದಬಹುದಾದವು. ನಮ್ಮ ಲ್ಯಾಬಿನ ಕಿಟಕಿಯಿಂದ ಹೊರಬರುವ ಕಾಗದದಲ್ಲಿ ಎಷ್ಟಿರುತ್ತವೆ?

ಮೂತ್ರದ ಪರೀಕ್ಷೆಯ ಬಗ್ಗೆ ಒಂದು ಮಾತು. ಮೂತ್ರಪಿಂಡದ ಜರಡಿ ಹರಿಯತೊಡಗಿದಾಗ ಮೊದಲು ಸೋರುವುದು ಅಲ್ಬುಮಿನ್ ಎಂಬ ಪ್ರೋಟೀನು. ಆಗ ಕಾಲು ಬಾತಿರುವುದಿಲ್ಲ, ಕ್ರಿಯಾಟಿನಿನ್ ಏರಿರುವುದಿಲ್ಲ, ರೋಗಿಗೆ ಏನೂ ಅನಿಸುವುದಿಲ್ಲ. ಆದರೆ ಮೂತ್ರಪಿಂಡದಲ್ಲಿ ಸೋರಿದ ನಾಳ ಹೃದಯದಲ್ಲೂ ಸವೆದಿದೆ ಎಂಬ ಸುಳಿವು ಅದು. ಸೂಜಿ ಬೇಡ, ಉಪವಾಸ ಬೇಡ, ಒಂದು ಡಬ್ಬಿ ಸಾಕು. ರೋಗ ಬಂದು ಐದು ವರ್ಷದ ನಂತರ ವರ್ಷಕ್ಕೊಮ್ಮೆ ಮಾಡಿಸಬೇಕಾದ್ದು ಇದು. ಇನ್ನೊಂದು ಸಂಗತಿ ಇದಕ್ಕಿಂತ ಭೀಕರ. ಬಹುಕಾಲದ ಸಕ್ಕರೆ ಹೃದಯದ ನರಗಳನ್ನೂ ಕೊಲ್ಲುತ್ತದೆ. ಆಗ ಹೃದಯಾಘಾತವಾದರೂ ಎದೆ ನೋಯದೇ ಇರಬಹುದು. ಬರೀ ಬೆವರು, ಏದುಸಿರು, ‘ಪಿತ್ತ ಆಗೈತಿ’ ಎಂಬ ವಾಕರಿಕೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತವಾಗಿ ತಲುಪತೊಡಗಿದ್ದು ಒಳ್ಳೆಯದೇ. ಆದರೆ ಎದೆ ನೋಯದವನು ಆಸ್ಪತ್ರೆಗೆ ಓಡುವುದಾದರೂ ಯಾಕೆ? ಹೊತ್ತಿದ ಮನೆಗೆ ನೀರು ಹೊರುವ ಯೋಜನೆ ಇದೆ. ಒಲೆಯ ಕಿಡಿ ನೋಡುವವರಿಲ್ಲ.

ಪಥ್ಯದ ವಿಷಯದಲ್ಲೂ ನಮ್ಮ ನಂಬಿಕೆ ತಲೆಕೆಳಗು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಂಡರೆ “ಎಣ್ಣಿ ಐತಿ, ಕೊಲೆಸ್ಟೆರಾಲ್ ಏರತೈತಿ” ಎಂದು ಮಕ್ಕಳ ತಟ್ಟೆಯಿಂದ ಎತ್ತುತ್ತೇವೆ. ಸಸ್ಯಜನ್ಯವಾದ ಯಾವುದರಲ್ಲೂ ಕೊಲೆಸ್ಟೆರಾಲ್ ಇರುವುದಿಲ್ಲ. ಶೇಂಗಾದ ಕೊಬ್ಬು ಹೃದಯದ ಶತ್ರುವೂ ಅಲ್ಲ. ಅದೇ ಹೊತ್ತಿಗೆ ಗಾಣದ ಮನೆಯ ಬೆಲ್ಲವನ್ನು “ಸಾವಯವ ಐತ್ರಿ, ಇದು ಸಕ್ರಿ ಅಲ್ಲ” ಎಂದು ಅಂಗೈಗೆ ಇಡುತ್ತೇವೆ. ಬೆಲ್ಲದ ಬಹುಭಾಗ ಅದೇ ಸಕ್ಕರೆ; ಬಣ್ಣ ಬೇರೆ, ರಕ್ತಕ್ಕೆ ಹೋದ ಮೇಲೆ ಲೆಕ್ಕ ಒಂದೇ. ಜೋಳದ ರೊಟ್ಟಿಯೂ ‘ಎಷ್ಟು ತಿಂದರೂ ನಡೀತೈತಿ’ ಎಂಬ ಪ್ರಸಾದ ಅಲ್ಲ. 40 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ 28 ಗ್ರಾಮಿನಷ್ಟು ಪಿಷ್ಟ ಇರುತ್ತದೆ. ಮಗು ಎಷ್ಟು ರೊಟ್ಟಿ ತಿನ್ನುತ್ತದೋ ಅಷ್ಟಕ್ಕೆ ಇನ್ಸುಲಿನ್ ಹೊಂದಿಸುವುದನ್ನು ಕಲಿಸಬೇಕೇ ಹೊರತು ಹೊಟ್ಟೆಗೆ ಹೊಡೆದು ಅಂಕಿ ಚೆಂದ ಮಾಡುವುದನ್ನಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಆ ಮಗುವೂ ಒಂದು ಹೋಳಿಗೆ ತಿನ್ನಲಿ, ಸೂಜಿಯ ಲೆಕ್ಕ ಹಿಡಿದು ತಿನ್ನಲಿ. ನಿಜವಾಗಿ ಕೈಬಿಡಬೇಕಾದ್ದು ದಿನವಿಡೀ ಕಾಯಿಸಿದ ಅದೇ ಎಣ್ಣೆಯಲ್ಲಿ ತೇಲುವ ವಡಾ, ಭಜಿ.

ಮತ್ತು ತಂಬಾಕು. ನಿಪ್ಪಾಣಿಯ ತಂಬಾಕು ಈ ಭಾಗಕ್ಕೆ ಅನ್ನ ಕೊಟ್ಟಿದೆ. 1981ರಲ್ಲಿ ಅದರ ದರಕ್ಕಾಗಿ ರೈತರು ಗುಂಡಿಗೆ ಎದೆಯೊಡ್ಡಿದ್ದಾರೆ. ಬೆಳೆಯ ರಾಜಕೀಯ ಬೇರೆ ಲೇಖನದ ವಸ್ತು. ಇಲ್ಲಿ ಹೇಳಬೇಕಾದ್ದು ಇಷ್ಟೇ: ಸಕ್ಕರೆ ಸವೆಸಿದ ನಾಳಕ್ಕೆ ಬೀಡಿಯ ಹೊಗೆ ಸೇರಿದರೆ ಎರಡು ಅಪಾಯ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಇನ್ಸುಲಿನ್ ತಗೊಳ್ಳುವ ತರುಣನಿಗೆ ಬೀಡಿ ಚಾಚುವ ಗೆಳೆಯ ಅವನ ಗೆಳೆಯನಲ್ಲ.

ಈಗ ನನ್ನನ್ನು ಅತಿ ಹೆಚ್ಚು ಸಿಟ್ಟಿಗೆಬ್ಬಿಸುವ ಮಾತು. ಅದೇ ಸ್ವೀಡನ್ನಿನ ದಾಖಲೆ ಆಧರಿಸಿ 2018ರಲ್ಲಿ ಇನ್ನೊಂದು ಲೆಕ್ಕ ಬಂತು. ಹತ್ತು ವರ್ಷದೊಳಗೆ ಟೈಪ್ 1 ಬಂದ ಗಂಡಸರು ಸರಾಸರಿ 14 ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆ. ಹೆಂಗಸರು ಸುಮಾರು 18 ವರ್ಷ. ಇದು ಮನೆ ಬಾಗಿಲಿಗೇ ಚಿಕಿತ್ಸೆ ಬರುವ ಸ್ವೀಡನ್ನಿನ ಕಥೆ. ಹೆಣ್ಣಿಗೆ ಮುಟ್ಟು ನಿಲ್ಲುವ ಮೊದಲು ಹೃದ್ರೋಗದ ವಿರುದ್ಧ ಇರುವ ಸಹಜ ರಕ್ಷಣೆಯನ್ನು ಈ ರೋಗ ಕಿತ್ತುಕೊಳ್ಳುತ್ತದೆ. ಹಾಗಿದ್ದ ಮೇಲೆ ಹೆಣ್ಣುಮಕ್ಕಳನ್ನು ಇಮ್ಮಡಿ ಕಾಳಜಿಯಿಂದ ನೋಡಬೇಕಿತ್ತು. ನಾವು ಮಾಡುವುದೇನು? ರೋಗವನ್ನು ಬಚ್ಚಿಡುತ್ತೇವೆ. “ಲಗ್ನ ಆಗೂತನಾ ಯಾರಿಗೂ ಹೇಳಬ್ಯಾಡ.” ಸಾಂಗ್ಲಿಯಿಂದಲೋ ಕೊಲ್ಲಾಪುರದಿಂದಲೋ ಬೀಗರು ನೋಡಲು ಬಂದ ದಿನ ಮಧ್ಯಾಹ್ನದ ಸೂಜಿ ತಪ್ಪುತ್ತದೆ. ಲಗ್ನವಾದ ಮೇಲೆ ಅತ್ತೆಯ ಕಣ್ಣು ತಪ್ಪಿಸಿ ಬಚ್ಚಲಲ್ಲಿ ಚುಚ್ಚಿಕೊಳ್ಳಬೇಕು, ಶೀಶೆಯನ್ನು ಸೀರೆಯ ಗಂಟಿನೊಳಗೆ ಬೆಚ್ಚಗಿನ ಟ್ರಂಕಿನಲ್ಲಿ ಇಡಬೇಕು, ಅದು ಕೆಡುತ್ತದೆ. ತಪ್ಪಿದ ಪ್ರತಿ ಸೂಜಿ ಆ ಸರಾಸರಿಗೆ ಸೇರುತ್ತದೆ. ಮರ್ಯಾದೆಯ ಹೆಸರಿನಲ್ಲಿ ಮಗಳ ಹೃದಯವನ್ನು ವರದಕ್ಷಿಣೆಗೆ ಸೇರಿಸಿ ಕೊಡುತ್ತಿದ್ದೇವೆ.

ಕೊನೆಯ ಆಕ್ಷೇಪ ಬಡತನದ್ದು. “ಇವೆಲ್ಲಾ ಬೆಂಗಳೂರಿನವರ ಮಾತು ಬಿಡ್ರಿ. ನಮ್ಮ ಕಡೆ ಸೂಜಿ ಸಿಕ್ಕರ ಸಾಕಾಗೈತಿ.” ಈ ಮಾತಿನ ನೋವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲಿ ಮಧುಮೇಹ ಕೇಂದ್ರ ಇದೆ, ಅಲ್ಲಿಗೆ ಟೈಪ್ 1 ಮಕ್ಕಳು ಬರುತ್ತಾರೆ. ಆದರೆ ಅಥಣಿಯವರಿಗೆ ಬೆಳಗಾವಿ ನೂರು ಕಿಲೋಮೀಟರಿಗಿಂತ ದೂರ. ಹೋಗಿ ಬರುವುದರೊಳಗೆ ಒಂದು ದಿನದ ಪಗಾರ ಹೋಗುತ್ತದೆ. ಹಾಗಾಗಿ ಕಾಗವಾಡ, ಅಥಣಿಯವರು 1894ರಲ್ಲಿ ವಾನ್ಲೆಸ್ ಆಸ್ಪತ್ರೆ ಹುಟ್ಟಿದಂದಿನಿಂದ ದವಾಖಾನೆಗಳ ಊರಾಗಿರುವ ಮಿರಜಕ್ಕೆ ಹೋಗುತ್ತಾರೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿಯಲ್ಲಿ, ಸೂಜಿ ಚುಚ್ಚುವ ಅವ್ವ ಕನ್ನಡದವಳು. ಇದರ ನಡುವೆ ಒಂದು ಮಿಲಿಗೆ 40 ಯೂನಿಟ್ ಇರುವ ಶೀಶೆಗೆ ಕೆಂಪು ಮುಚ್ಚಳದ ಸಿರಿಂಜು, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು ಎಂಬ ಸರಳ ಸಂಗತಿ ಕಳೆದುಹೋಗುತ್ತದೆ. ಅದಲು ಬದಲಾದರೆ ಡೋಸು ಎರಡೂವರೆ ಪಟ್ಟು ಹೆಚ್ಚು ಅಥವಾ ಅಷ್ಟೇ ಪಟ್ಟು ಕಡಿಮೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಊರೂರು ಕಾಳಜಿ ಕೇಂದ್ರ ಸೇರಿದಾಗ ಕರೆಂಟು, ಫ್ರಿಜ್ಜು ಎಲ್ಲಿಂದ ಬರಬೇಕು? ಒದ್ದೆ ಮರಳಿನ ನಡುವೆ ಇಟ್ಟ ಮಣ್ಣಿನ ಗಡಿಗೆ ಇನ್ಸುಲಿನ್ನನ್ನು ತಂಪಾಗಿಡುತ್ತದೆ ಎಂಬುದು ಪರೀಕ್ಷೆಯಲ್ಲಿ ಗೆದ್ದ ವಿದ್ಯೆ. ಅದನ್ನು ಹೇಳಿಕೊಡಲು ತಜ್ಞ ವೈದ್ಯನೇ ಬೇಕಿಲ್ಲ, ಆಶಾ ಕಾರ್ಯಕರ್ತೆ ಸಾಕು.

ಬಡತನ ಸೂಜಿ ಕಡಿಮೆ ಮಾಡಲು ಕಾರಣವಾಗಬಾರದು, ಸರ್ಕಾರವನ್ನು ಕೇಳಲು ಕಾರಣವಾಗಬೇಕು. 2022ರ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿ ಮಾಮೂಲಿ ಇನ್ಸುಲಿನ್‌ಗಳ ಜೊತೆಗೆ ದಿನಪೂರ್ತಿ ಕೆಲಸ ಮಾಡುವ ಗ್ಲಾರ್ಜೀನ್ ಇದೆ, ಅಟೋರ್ವಾಸ್ಟ್ಯಾಟಿನ್ ಇದೆ. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಟೈಪ್ 1ಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಕಾಗದದ ಮೇಲೆ ದೇಶ ಸಿದ್ಧವಾಗಿದೆ. ಐದು ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಟೈಪ್ 1 ಮಕ್ಕಳಿಗೆಂದು ಮೀಸಲಿಡಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಎಲ್‌ಡಿಎಲ್ ಮತ್ತು ಮೂತ್ರದ ಅಲ್ಬುಮಿನ್, ಪ್ರತಿ ಸಲ ರಕ್ತದೊತ್ತಡ, ಜೊತೆಗೆ ಬೆರಳು ಚುಚ್ಚಿ ನೋಡುವ ಪಟ್ಟಿಗಳನ್ನು ಪುಕ್ಕಟೆ ಕೊಡಿ. ಕಬ್ಬಿನ ಬಾಕಿ ಕೇಳಲು ಒಂದಾಗುವ ಊರುಗಳು ಇದನ್ನು ಕೇಳಲು ಒಂದಾಗಲಾರವೇ? ಇನ್ಸುಲಿನ್ ಮೇಲೆ ಐವತ್ತು ವರ್ಷ ಬಾಳಿದವರಿಗೆ ಅಮೆರಿಕದ ಜೋಸ್ಲಿನ್ ಕೇಂದ್ರ 1970ರಿಂದ ಪದಕ ಕೊಡುತ್ತ ಬಂದಿದೆ. ಅಷ್ಟು ಆಯುಷ್ಯ ನಮ್ಮ ಮಕ್ಕಳಿಗೆ ಅಸಾಧ್ಯವೇನಲ್ಲ.

ಸರ್ಕಾರ ಬರುವ ತನಕ ನಿಮ್ಮ ಕೈಯಲ್ಲಿ ಒಂದು ಕೆಲಸ ಇದೆ. ಮುಂದಿನ ಸಲ ಲ್ಯಾಬಿನ ಕಿಟಕಿಯಿಂದ ಯಾರಾದರೂ “ನಾರ್ಮಲ್ ಐತ್ರಿ” ಅಂದರೆ ಕಾಗದ ಮಡಚಿ ಜೇಬಿಗೆ ಇಡಬೇಡಿ. ಕಾರ್ಖಾನೆಯ ಗೇಟಿನಲ್ಲಿ ನಿಂತು ಕೇಳುವ ಅದೇ ದನಿಯಲ್ಲಿ ಕೇಳಿ: “ಮೂರ್ ತಿಂಗಳ ಸರಾಸರಿ ಎಷ್ಟೈತ್ರಿ? ಎಲ್‌ಡಿಎಲ್ ನೂರರ ಒಳಗ ಐತೇನ್ರಿ? ಮೂತ್ರದಾಗ ಅಲ್ಬುಮಿನ್ ನೋಡೀರೇನ್ರಿ? ಬಿಪಿ ಎಷ್ಟೈತಿ?” ನಾಲ್ಕಕ್ಕೂ ಉತ್ತರ ಸಿಗುವ ತನಕ ಅಲ್ಲಿಂದ ಏಳಬೇಡಿ. ಮತ್ತು ಪಕ್ಕದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಮಗಳು ಸಣ್ಣ ದನಿಯಲ್ಲಿ ಏನೋ ಅಂದರೆ, ದಯವಿಟ್ಟು, ಅದನ್ನು ಮೊದಲು ಕೇಳಿಸಿಕೊಳ್ಳಿ.